ಒರಳು ಕಾಣುವ ತನಕ

ಹೊಸ ಗುಂಡನಹಾಳಿನವರಿಗೆ ಬೇಸಿಗೆ ಬಂತೆಂದು ಹೇಳುವುದು ಪಂಚಾಂಗವಲ್ಲ, ನೀರು. ಮಳೆಗಾಲ ಮುಗಿಯುವ ಹೊತ್ತಿಗೆ ಊರ ಹಿತ್ತಿಲವರೆಗೂ ಬಂದು ಕೂರುವ ತುಂಗಭದ್ರೆಯ ಹಿನ್ನೀರು, ಶಿವರಾತ್ರಿ ದಾಟಿತೆಂದರೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಮೊದಲು ಜಾಲಿಗಿಡದ ಬೊಡ್ಡೆ ಕಾಣುತ್ತದೆ, ಆಮೇಲೆ ಯಾರದೋ ಹೊಲದ ಬದು, ಯುಗಾದಿ ಕಳೆದ ಮೇಲೆ ಅಣೆಕಟ್ಟಿನ ಕಾಲಕ್ಕೆ ಮುಳುಗಿದ ಹಳೇ ಗುಂಡನಹಾಳಿನ ಮನೆಕಟ್ಟೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಆಗ ಊರಿಗೆ ಊರೇ ಕೆಳಗಿಳಿದು, ತಂತಮ್ಮ ಹಳೇ ಮನೆಯ ಜಾಗದಲ್ಲಿ ಮೂರು ಕಲ್ಲು ಹೂಡಿ, ಅಡುಗೆ ಮಾಡಿ ಉಂಡು ಬರುತ್ತದೆ. ಹಳೇಊರ ಊಟ ಅಂದರೆ ಇದೇ. ಈಚೆಗೆ ಹುಡುಗರು ಅದಕ್ಕೆ ಕಬಡ್ಡಿ, ಹಗ್ಗಜಗ್ಗಾಟ, ರಂಗೋಲಿ ಸ್ಪರ್ಧೆ ಎಲ್ಲ ಸೇರಿಸಿ ಮೂರು ದಿನದ ಗದ್ದಲ ಮಾಡಿದ್ದಾರೆ. ನಮ್ಮ ಸೀಮೆಗೆ ಕಡಲಿಲ್ಲ, ಹಿನ್ನೀರೇ ಕಡಲು. ಹಗರಿಬೊಮ್ಮನಹಳ್ಳಿಯಿಂದ, ಹಡಗಲಿಯಿಂದ ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದು, ನೀರಲ್ಲಿ ಕಾಲಾಡಿಸಿ, ಒಗ್ಗರಣೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಫೋಟೋ ಹೊಡೆಸಿಕೊಂಡು ಹೋಗುತ್ತಾರೆ.

ಊಟ ಎಲ್ಲರದು, ಅದರ ಕಟ್ಟು ಮಾತ್ರ ಒಬ್ಬಳದು. ಮೊದಲ ಒಲೆ ಹೊತ್ತುವುದು ಗಾದಿಲಿಂಗಪ್ಪನ ಹಳೇ ಮನೆಯ ಜಾಗದಲ್ಲಿ. ಆ ಒಲೆಯ ಕೊಳ್ಳಿಯನ್ನೇ ಉಳಿದ ಮನೆಯವರೆಲ್ಲ ಒಯ್ದು ತಮ್ಮ ಒಲೆ ಹಚ್ಚಿಕೊಳ್ಳುತ್ತಾರೆ. ಹಚ್ಚುವವಳು ಆ ಮನೆಯ ಸೊಸೆ. ನೀರಿನಿಂದ ಮನೆಯ ಕಟ್ಟೆ ಕಂಡ ದಿನದಿಂದ, ಹಿತ್ತಿಲಲ್ಲಿ ಹುಗಿದ ಒರಳುಕಲ್ಲು ಕಾಣುವ ತನಕ ಆ ಸೊಸೆ ಊರ ಎಲ್ಲೆ ದಾಟುವಂತಿಲ್ಲ. ಇದು ಊರಮ್ಮನ ಮಾತು. ದಾಟಿದರೆ ನೀರಿನ ಮೇಲೆ ಹರಿಗೋಲು ಹಾಕಿಕೊಂಡು ಮೀನಿಗೆ ಹೋದವರು ತಿರುಗಿ ಬರುವುದಿಲ್ಲವೆಂದು ಊರ ನಂಬಿಕೆ. ಒಮ್ಮೆಯೂ ಯಾರೂ ದಾಟಿಲ್ಲವಾದ್ದರಿಂದ ಆ ನಂಬಿಕೆ ಸುಳ್ಳಾಗುವ ಸಂದರ್ಭವೇ ಬಂದಿರಲಿಲ್ಲ.

ಈಗ ಆ ಸೊಸೆ ಮಾಲಾ. ಕೂಡ್ಲಿಗಿ ಕಡೆಯ ಹೆಣ್ಣು, ಬಿ.ಎಡ್. ಮಾಡಿದವಳು. ಮದುವೆಯಾಗಿ ಆರನೇ ಬೇಸಿಗೆ. ಹಿಂದಿನ ಬೇಸಿಗೆಗಳಲ್ಲಿ ಕಟ್ಟೆ ಕಂಡ ವಾರಕ್ಕೆಲ್ಲ ಒರಳು ಕಂಡಿತ್ತು. ಮನೆ ಬಿಟ್ಟು ಹೋಗುವ ಕೆಲಸವೂ ಅವಳಿಗೆ ಇರಲಿಲ್ಲ, ಕಟ್ಟಿಹಾಕಿದ್ದು ಗೊತ್ತೇ ಆಗಿರಲಿಲ್ಲ. ಗೂಟಕ್ಕೆ ಕಟ್ಟಿದ ಎಮ್ಮೆಗೂ ಮೇವು ಮುಂದಿರುವ ತನಕ ಹಗ್ಗದ ನೆನಪಿರುವುದಿಲ್ಲ.

ಈ ಸಲ ಹಾಗಲ್ಲ. ಹಗರಿಬೊಮ್ಮನಹಳ್ಳಿಯ ಖಾಸಗಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ದಾಕ್ಷಾಯಣಮ್ಮ ಮಕ್ಕಳ ಬೇಸಿಗೆ ಶಿಬಿರ ಇಟ್ಟುಕೊಂಡಿದ್ದರು. ಹಾಡು, ಮಣ್ಣಿನ ಗೊಂಬೆ, ಕಾಗದದ ಕೆಲಸ, ಸಣ್ಣ ನಾಟಕ. ಶಿಬಿರ ನಡೆಸಿಕೊಡು, ಚೆನ್ನಾಗಿ ನಡೆಸಿದರೆ ಜೂನ್‌ನಿಂದ ಪ್ರಾಥಮಿಕ ವಿಭಾಗದ ಕೆಲಸ ನಿನ್ನದೇ ಎಂದು ಅವರು ಮಾಲಾಗೆ ಬಾಯಿ ತುಂಬ ಹೇಳಿದ್ದರು. ಮಗ ಮೌನೇಶನಿಗೂ ಶಿಬಿರಕ್ಕೆ ಬರಲು ಅಡ್ಡಿಯಿಲ್ಲವಂತೆ. ಮಾಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಬಸವ ಜಯಂತಿಗೆ ಶಿಬಿರ ಸುರು, ಅಷ್ಟರೊಳಗೆ ಒರಳು ಕಾಣದೆ ಎಲ್ಲಿ ಹೋಗುತ್ತದೆ?

ಅತ್ತೆ ಹುಲುಗಮ್ಮ ಜಾರುವ ಕನ್ನಡಕ ಮೂಗಿನ ಮೇಲೆ ಏರಿಸಿಕೊಳ್ಳುತ್ತ, ರೊಟ್ಟಿ ತಟ್ಟುತ್ತ ಇದನ್ನೆಲ್ಲ ಕೇಳಿಸಿಕೊಂಡು, ಕೆಲಸ ಸಿಕ್ಕರೆ ಒಳ್ಳೆಯದೇ, ಬೆಳಗಿನ ರೊಟ್ಟಿ ತಾನು ಮಾಡುತ್ತೇನೆ, ಪಲ್ಯ ಮಾತ್ರ ನೀನು ಮಾಡಿಟ್ಟು ಹೋಗು ಎಂದಳು. ಗಂಡ ತಿಪ್ಪೇಶ ಹಗರಿಬೊಮ್ಮನಹಳ್ಳಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತೇನೆಂದ. ಅಂಥ ದಿನ ಆ ಮನೆಯಲ್ಲಿ ಬಹಳ ಬಂದಿರಲಿಲ್ಲ.

ಎರಡು ದಿನ ಕಳೆದು ಒಂದು ಸಂಜೆ ಮಾವ ಗಾದಿಲಿಂಗಪ್ಪ ನೀರು ಬಿಟ್ಟ ಮಣ್ಣಿನಲ್ಲಿ ಹಾಕಿದ್ದ ಸೌತೆ ಬಳ್ಳಿ ನೋಡಿಕೊಂಡು ಬಂದವನು, ಚೀಲ ಇಳಿಸುವ ಮೊದಲೇ ಹೇಳಿದ.

"ನಮ್ಮ ಕಟ್ಟಿ ಕಂಡೈತಿ. ಮಾಲವ್ವಾ, ಇವತ್ತಿಂದ ನೀ ಊರ ಎಲ್ಲೆ ಒಳಗ."

ಅವನ ಮುಖದಲ್ಲಿ ಹಬ್ಬದ ಕಳೆ. ಹುಲುಗಮ್ಮ ಅವತ್ತು ಸಜ್ಜೆ ರೊಟ್ಟಿಯ ಜೊತೆಗೆ ಬೆಲ್ಲದ ಪಾಯಸ ಮಾಡಿದಳು. ಮಾಲಾಳೂ ಖುಷಿಯಿಂದಲೇ ಉಂಡಳು. ಬೇಗ ಕಟ್ಟೆ ಕಂಡರೆ ಬೇಗ ಒರಳು ಕಾಣುತ್ತದಲ್ಲ.

ಒರಳು ಕಾಣಲಿಲ್ಲ. ಮೇಲಿನ ಸೀಮೆಯಲ್ಲಿ ಅಕಾಲದ ಮಳೆ ಹೊಡೆಯಿತು, ಕೆಳಗೆ ಕಾಲುವೆಗೆ ನೀರು ಬಿಡುವುದು ನಿಂತಿತು. ಹಿನ್ನೀರು ಹಿಂದಕ್ಕೂ ಹೋಗದೆ ಮುಂದಕ್ಕೂ ಬರದೆ, ಸಾಲ ಕೇಳಲು ಬಂದು ಜಗಲಿಯ ಮೇಲೆ ಕೂತ ನೆಂಟನ ಹಾಗೆ ಅಲ್ಲೇ ಕೂತುಬಿಟ್ಟಿತು. ಗಾದಿಲಿಂಗಪ್ಪ ನೀರಿನ ಅಂಚಿಗೆ ಜಾಲಿಯ ಕೋಲು ನೆಟ್ಟು ಬಂದ. ದಿನಾ ಬೆಳಿಗ್ಗೆ ಹೋಗಿ ನೋಡುವುದು, ಕೋಲಿನ ಬುಡ ಅಷ್ಟೇ ತೋಯ್ದಿರುವುದು.

ಮಾಲಾ ಮನೆಯಲ್ಲೇ ಶಿಬಿರದ ತಯಾರಿ ಮಾಡಿಕೊಂಡಳು. ಹಳೇ ಸೀರೆಯಲ್ಲಿ ಕೈಗೊಂಬೆ ಹೊಲಿದಳು, ಹಿನ್ನೀರಿನ ಜಿಗುಟು ಮಣ್ಣು ತಂದು ಮೌನೇಶನಿಂದಲೂ ಓಣಿಯ ಮಕ್ಕಳಿಂದಲೂ ಬಸವಣ್ಣ, ಆನೆ, ಹರಿಗೋಲು ಮಾಡಿಸಿದಳು. ಆ ಮಕ್ಕಳ ಕೂಗಾಟಕ್ಕೆ ಗಾದಿಲಿಂಗಪ್ಪನ ಮಧ್ಯಾಹ್ನದ ನಿದ್ದೆ ಹಾಳಾಯಿತು. ಮನೆಯನ್ನೇನು ಸಂತೆ ಮಾಡಿದ್ದೀರಾ ಎಂದು ಅವನು ಹುಲುಗಮ್ಮನ ಮೇಲೆ ರೇಗಿದ, ಹುಲುಗಮ್ಮ ಮಾಲಾಳ ಮೇಲೆ ರೇಗಿದಳು, ಮಾಲಾ ಮೌನೇಶನ ಬೆನ್ನಿಗೆ ಒಂದು ಕೊಟ್ಟಳು. ಹೊಡೆತ ಹೀಗೆ ಇಳಿಜಾರು ಹುಡುಕಿಕೊಂಡೇ ಹೋಗುತ್ತದೆ.

ಅತ್ತ ತಿಪ್ಪೇಶ ಹಳೇಊರ ಊಟದ ಕಮಿಟಿಯ ಕಾರ್ಯದರ್ಶಿ. ಹುಡುಗರು ಕೂಡಿ ದೊಡ್ಡ ಫ್ಲೆಕ್ಸ್ ಮಾಡಿಸಿದರು. ಮೇಲೆ ಊರಮ್ಮ, ಕೆಳಗೆ ಕಬಡ್ಡಿ ಆಟಗಾರರು, ನಡುವೆ ಜರಿಸೀರೆ ಉಟ್ಟು ಕೈಮುಗಿದು ನಿಂತ ಮಾಲಾ. "ಮೊದಲ ಒಲೆಯ ಸೊಸೆ ಶ್ರೀಮತಿ ಮಾಲಾ ತಿಪ್ಪೇಶ ಅವರಿಂದ ಅಗ್ನಿಸ್ಪರ್ಶ" ಎಂದು ಅದರಡಿಯಲ್ಲಿ. ತಾರೀಕು ಅಂದಾಜಿನಿಂದ ಹಾಕಿಸಿದ್ದರು. ಆ ತಾರೀಕು ದಾಟಿದಾಗ ಮೇಲೊಂದು ಚೀಟಿ ಅಂಟಿಸಿದರು, ಅದೂ ದಾಟಿದಾಗ ಇನ್ನೊಂದು. ಫ್ಲೆಕ್ಸನ್ನು ಕಟ್ಟಿದ್ದು ಹಗರಿಬೊಮ್ಮನಹಳ್ಳಿಯ ಸರ್ಕಲ್ಲಿನಲ್ಲಿ, ದಾಕ್ಷಾಯಣಮ್ಮ ದಿನಾ ಶಾಲೆಗೆ ಹೋಗುವ ದಾರಿಯಲ್ಲಿ. ಮಾಲಾ ದಾಟಲಾಗದ ಎಲ್ಲೆಯನ್ನು ಅವಳ ಫೋಟೋ ದಾಟಿ ಹೋಗಿ ಬಿಸಿಲಲ್ಲಿ ಕೈಮುಗಿದುಕೊಂಡು ನಿಂತಿತ್ತು.

ಶಿಬಿರ ಸುರುವಾದ ದಿನ ದಾಕ್ಷಾಯಣಮ್ಮ ಫೋನು ಮಾಡಿದರು. ಮಾಲಾ ಒಲೆ ಮುಂದಿದ್ದಳು, ಒಂದು ಕೈಯಲ್ಲಿ ಸೌಟು. ಅವರು ಬೈಯಲಿಲ್ಲ. ನೀನು ಬರುವ ತನಕ ಗೀತಾಂಜಲಿ ನೋಡಿಕೊಳ್ಳುತ್ತಾಳೆ, ಕೊಟ್ಟೂರಿನ ಹುಡುಗಿ, ಚುರುಕಾಗಿದ್ದಾಳೆ ಎಂದರು. ಆ "ಬರುವ ತನಕ" ಎಂಬ ಮಾತು ಹಿಡಿದುಕೊಂಡು ಮಾಲಾ ಒಂದು ವಾರ ದೂಡಿದಳು. ಆದರೆ ಚುರುಕಾಗಿದ್ದಾಳೆ ಎಂಬ ಮಾತು ಹೊಟ್ಟೆಯೊಳಗೆ ಸೇರಿಕೊಂಡು ಅನ್ನ ಸೇರದಾಯಿತು.

ಒಂದು ರಾತ್ರಿಯೂಟಕ್ಕೆ ಕೂತಾಗ ಅವಳು ಬಾಯಿಬಿಟ್ಟಳು. ತಟ್ಟೆಯಲ್ಲಿ ಮುದ್ದೆ, ಪುಂಡಿಪಲ್ಯದ ಸಾರು. ತಿಪ್ಪೇಶ ಅವತ್ತು ಹಗ್ಗಜಗ್ಗಾಟದ ಹಗ್ಗ ಎಷ್ಟು ದಪ್ಪ ಇರಬೇಕೆಂದು ಹೇಳುತ್ತಿದ್ದ.

"ನೀವು ದಿನಾ ಹೋಗಿ ಬರ್ತೀರಿ," ಅಂದಳು ಮಾಲಾ. "ಮಾವ ಸಂತಿಗೆ ಹೋಗ್ತಾರ. ನಾ ಒಬ್ಬಾಕಿ ಹೋದ್ರ ಊರು ಮುಳುಗ್ತೈತೇನ್ರಿ?"

ತಿಪ್ಪೇಶ ಮುದ್ದೆ ಮುರಿಯುತ್ತ ಅಪ್ಪನ ಮುಖ ನೋಡಿದ. ಊರಿನ ವಿಚಾರ, ನನ್ನ ಕೈಯಲ್ಲೇನಿದೆ ಎಂದ. ಕಾರ್ಯದರ್ಶಿಯ ಹೆಂಡತಿಯೇ ಎಲ್ಲೆ ದಾಟಿದರೆ ನಾಳೆ ಕಮಿಟಿಯಲ್ಲಿ ತಲೆ ಎತ್ತುವುದು ಹೇಗೆ ಎಂದೂ ಸೇರಿಸಿದ. ಗಾದಿಲಿಂಗಪ್ಪ ತಟ್ಟೆಯಲ್ಲೇ ಕೈತೊಳೆದ. ಊಟ ಅರ್ಧಕ್ಕೆ ಬಿಟ್ಟರೆ ಆ ಮನೆಯಲ್ಲಿ ಅದೇ ದೊಡ್ಡ ಬೈಗುಳ.

"ಊರು ಒಮ್ಮಿ ಮುಳುಗೇತವ್ವ," ಅಂದ. "ನಾ ಹುಟ್ಟಾಕಿಂತ ಮೊದ್ಲ. ಹೊಲ ಹೋತು, ಮನಿ ಹೋತು, ಗುಡಿ ಹೋತು. ನಮ್ಮನಿಗೆ ಉಳದಿದ್ದು ಈ ಒಲಿ ಒಂದ. ಅದನ್ನೂ ನೀರಿಗೆ ಬಿಡು ಅಂತೀಯೇನು?"

ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಸಿಟ್ಟಿಗೆ ಉತ್ತರ ಕೊಡಬಹುದು, ನೋವಿಗೆ ಏನು ಕೊಡುವುದು? ಪಾತ್ರೆ ತಿಕ್ಕುವಾಗ ಹುಲುಗಮ್ಮ ಬೂದಿ ಹಿಡಿದ ಕೈಯಲ್ಲೇ ಪಕ್ಕಕ್ಕೆ ಬಂದು ಕೂತಳು. ತಾನೂ ಈ ಕಟ್ಟನ್ನು ಮೂವತ್ತು ಬೇಸಿಗೆ ಹಿಡಿದವಳು, ಏನೂ ಆಗಿಲ್ಲ ಎಂದಳು. ಏನೂ ಆಗಿಲ್ಲ ಎಂದವಳು ಪಾತ್ರೆಯನ್ನು ಅಷ್ಟು ಜೋರಾಗಿ ಉಜ್ಜಬೇಕಿರಲಿಲ್ಲ.

ಶಿಬಿರ ಕೊನೆಯ ವಾರಕ್ಕೆ ಬಂತು. ದಾಕ್ಷಾಯಣಮ್ಮನ ಫೋನು ಮತ್ತೆ ಬಂತು. ಈ ಸಲ ಮಾತು ಚುಟುಕು.

"ನೋಡಮ್ಮ, ಸೋಮವಾರ ಬಂದು ಕೊನೇ ವಾರ ನಡೆಸಿಕೊಡು. ಸಮಾರೋಪದ ದಿನ ಶಾಲೆ ಕಮಿಟಿಯವರು ಬರ್ತಾರೆ, ನಿನ್ನನ್ನ ತೋರಿಸ್ತೀನಿ. ಬರಲಿಲ್ಲ ಅಂದ್ರೆ ನನ್ನ ಕೈ ಕಟ್ಟಿದಂಗೆ. ಗೀತಾಂಜಲೀನೇ ತಗೋಬೇಕಾಗುತ್ತೆ."

ಸೋಮವಾರ ಬೆಳಿಗ್ಗೆ ಮಾಲಾ ಎಲ್ಲರಿಗಿಂತ ಮೊದಲೆದ್ದು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿಟ್ಟಳು. ಮಾವ ಸೌತೆ ಬಳ್ಳಿಗೆ ಹೋಗಿದ್ದ, ತಿಪ್ಪೇಶ ಹಾಸಿಗೆಯಲ್ಲಿದ್ದ, ಅತ್ತೆ ಎಮ್ಮೆ ಕರೆಯುತ್ತಿದ್ದಳು. ಕೈಗೊಂಬೆಗಳ ಚೀಲ ಹೆಗಲಿಗೆ ಹಾಕಿ, ಮೌನೇಶನ ಕೈ ಹಿಡಿದು, ಊರ ಬಾಗಿಲಿನ ಟಂಟಂ ಆಟೋ ಹತ್ತಿ ಕೂತುಬಿಟ್ಟಳು. ಅದನ್ನು ಓಡಿಸುವವನು ಅದೇ ಊರಿನ ಹೊನ್ನೂರಸ್ವಾಮಿ. ಅವನು ಕನ್ನಡಿಯಲ್ಲಿ ಇವಳನ್ನು ನೋಡಿದ. ಟಂಟಂ ಹೊರಟಿತು. ಊರ ಎಲ್ಲೆಯ ಕರಿಗಲ್ಲಿನ ಹತ್ತಿರ ಬಂದು ನಿಂತಿತು. ಹೊನ್ನೂರಸ್ವಾಮಿ ಚಾವಿ ತೆಗೆದು ಜೇಬಿಗೆ ಹಾಕಿಕೊಂಡ.

"ಯಕ್ಕಾ, ಒರಳು ಕಂಡಿಲ್ಲಲ್ಲ. ಇಳೀರಿ."

ಅವಳು ಇಳಿಯಲಿಲ್ಲ. ನೀನು ಇಳಿಸಿದರೆ ನಡೆದು ಹೋಗುತ್ತೇನೆ ಎಂದಳು. ನಡೆದು ಹೋಗುವುದಕ್ಕೆ ಅವಳೇನೂ ಹೆದರುವವಳಲ್ಲ. ಇಳಿದು, ಕಲ್ಲಿನ ಆಚೆ ಕಾಲಿಡಬೇಕು ಎನ್ನುವಾಗ ಟಂಟಂನಲ್ಲಿದ್ದ ಅಂಜಿನಕ್ಕ ಬಂದು ಸೆರಗು ಹಿಡಿದಳು. ಮೀನುಗಾರ ಹುಲುಗಣ್ಣನ ಹೆಂಡತಿ, ಏಳು ತಿಂಗಳ ಬಸುರಿ, ತವರಿನ ಕಡೆಯ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೊರಟಿದ್ದಳು.

"ಯಕ್ಕ, ನಮ್ಮನಿಯವ್ರು ನಸುಕಿನ್ಯಾಗ ಹರಿಗೋಲು ಹಾಕ್ಯಾರ," ಅಂದಳು. "ಇನ್ನೂ ನೀರಮ್ಯಾಲೆ ಅದಾರ. ನಿಮ್ಮ ಕಾಲಿಗೆ ಬೀಳ್ತೀನಿ."

ಆ ಹೊಟ್ಟೆ ಹೊತ್ತುಕೊಂಡು ಅವಳು ನಿಜವಾಗಿ ಬಗ್ಗಿದಳು. ಮಾಲಾ ಅವಳ ಭುಜ ಹಿಡಿದು ಎತ್ತಿದಳು. ದೇವರಿಗೆ ಹೆದರದಿದ್ದರೂ ಆದೀತು, ಇಂಥ ಹೆಣ್ಣಿನ ಕಣ್ಣೀರು ದಾಟಿ ಹೋಗುವ ಕಾಲು ಎಲ್ಲಿದೆ? ನಾಳೆ ಆ ಹುಲುಗಣ್ಣನಿಗೆ ನೀರಲ್ಲಿ ಒಂದು ಮುಳ್ಳು ಚುಚ್ಚಿದರೂ ಅದು ಮಾಲಾಳ ಕಾಲಿನದೇ. ಕರಿಗಲ್ಲಿನ ಮೇಲೆ ಕೈಗೊಂಬೆಯ ಚೀಲ ಇಟ್ಟು, ಬಿಸಿಲು ಏರುವ ತನಕ ಅಲ್ಲೇ ಕೂತಿದ್ದಳು. ಕಲ್ಲಿನ ಆಚೆಯ ರಸ್ತೆ ಅವಳು ನೋಡುವ ಹಾಗೇ ಊರಿಂದೂರಿಗೆ ಹೋಗುತ್ತಿತ್ತು. ಆಮೇಲೆ ಮಗನನ್ನು ಕರೆದುಕೊಂಡು ಮನೆಗೆ ಬಂದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಗಾದಿಲಿಂಗಪ್ಪ ಎದ್ದು ಕೋಲು ನೋಡಲು ನೀರಿನ ಕಡೆ ಹೋಗಿಬಿಟ್ಟ. ತಿಪ್ಪೇಶ ಮರ್ಯಾದೆ ಹರಾಜು ಹಾಕಿದೆ ಎಂದು ಕೂಗಾಡಿದ. ಅವಳ ಎಣ್ಣೆಗಾಯಿಯನ್ನು ಮಾತ್ರ ಡಬ್ಬಿಗೆ ತುಂಬಿಕೊಂಡೇ ಶೋರೂಮಿಗೆ ಹೋದ.

ಅದೇ ವಾರ ಕಾನಹೊಸಹಳ್ಳಿಯಿಂದ ಹಂಪಕ್ಕ ಬಂದಳು. ಗಾದಿಲಿಂಗಪ್ಪನ ಒಡಹುಟ್ಟಿದ ಅಕ್ಕ, ಇವನಿಗಿಂತ ಬಹಳ ದೊಡ್ಡವಳು. ಪ್ರತಿ ಬೇಸಿಗೆ ಹಳೇಊರ ಊಟಕ್ಕೆ ಬಂದು ಶಾವಿಗೆ, ಸಂಡಿಗೆ ಎಲ್ಲ ಮುಗಿಸಿಕೊಟ್ಟು ಹೋಗುವ ಹೆಂಗಸು. ಹಲ್ಲಿಲ್ಲದಿದ್ದರೂ ಬಾಯಿ ಖಾಲಿ ಇರದು, ಎಲೆಅಡಿಕೆ ಇಲ್ಲದಿದ್ದರೆ ಮಾತಾದರೂ ಇರಬೇಕು. ಮಾಳಿಗೆಯ ಮೇಲೆ ಹಳೇ ಪಂಚೆ ಹಾಸಿ ಮೂವರು ಹೆಂಗಸರು ಅಕ್ಕಿ ಸಂಡಿಗೆ ಹಾಕಲು ಕೂತರು. ಅಲ್ಲಿಂದ ಹಿನ್ನೀರು ಕಾಣುತ್ತಿತ್ತು, ಅದರ ನಡುವೆ ಕರ್ರಗೆ ಒಂದು ಗೆರೆಯ ಹಾಗೆ ಅವರ ಹಳೇ ಮನೆಯ ಕಟ್ಟೆಯೂ ಕಾಣುತ್ತಿತ್ತು.

ಹಂಪಕ್ಕ ಮಾಲಾಳ ಮುಖ ಯಾಕೆ ಹೀಗೆ ಸೊರಗಿದೆ ಎಂದು ಕೇಳಿದಳು. ಹುಲುಗಮ್ಮ ಶಿಬಿರದ ಕಥೆ, ಟಂಟಂ ಕಥೆ ಎಲ್ಲ ಹೇಳಿದಳು. ಹಂಪಕ್ಕ ಸಂಡಿಗೆ ಹಾಕುವ ಚಮಚ ಕೆಳಗಿಟ್ಟು ಸುಮ್ಮನೆ ಕೂತಳು. ಆ ಹೆಂಗಸು ಸುಮ್ಮನೆ ಕೂತದ್ದನ್ನು ಮಾಲಾ ನೋಡಿದ್ದು ಅದೇ ಮೊದಲು.

"ನಾ ಸಾಯೋದ್ರೊಳಗ ಒಬ್ಬರಿಗರ ಹೇಳಬೇಕಿತ್ತು," ಅಂದಳು ಆಮೇಲೆ. "ಆ ಮಾತು ಊರಮ್ಮ ಹೇಳಿದ್ದಲ್ಲ. ನಮ್ಮವ್ವ ಹೇಳಿದ್ದು."

ಅವಳ ಅವ್ವ ಎಂದರೆ ಭರಮಮ್ಮ, ಹುಲುಗಮ್ಮನ ಅತ್ತೆ, ಸತ್ತು ವರ್ಷಗಳಾಗಿವೆ. ಊರು ಮುಳುಗಿದ ಮೇಲೆ ಹೊಲವಿಲ್ಲದ ಮನೆಯವರೆಲ್ಲ ಬೇಸಿಗೆ ಬಂತೆಂದರೆ ಕಾಲುವೆ ತೋಡುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಗಂಡಸರು ಅಗೆಯುವುದು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊರುವುದು. ಬಸುರಿ ಬಾಣಂತಿ ಎಂದು ಬಿಡುವ ಕಾಲವಲ್ಲ. ಹಂಪಕ್ಕನ ಬೆನ್ನಿಗೆ ಹುಟ್ಟಿದ ಮೂರು ಕೂಸುಗಳನ್ನು ಭರಮಮ್ಮ ಕಾಲುವೆಯ ದಂಡೆಯ ಮೇಲೇ ಹೆತ್ತಳು, ಒಂದೂ ಉಳಿಯಲಿಲ್ಲ. ನಾಲ್ಕನೆಯದು ಹೊಟ್ಟೆಯಲ್ಲಿದ್ದ ಬೇಸಿಗೆ, ಊರವರೆಲ್ಲ ನೀರು ಬಿಟ್ಟ ಕಟ್ಟೆಗಳನ್ನು ನೋಡಲು ಇಳಿದಾಗ, ಅವಳ ಮೈಮೇಲೆ ಊರಮ್ಮ ಬಂದಳು. ಮೊದಲ ಒಲೆಯ ಸೊಸೆ ಒರಳು ಕಾಣುವ ತನಕ ಎಲ್ಲೆ ದಾಟಬಾರದು ಎಂದಳು. ಮಾವ, ಗಂಡ ಎಲ್ಲ ಅಡ್ಡಬಿದ್ದರು. ಆ ಬೇಸಿಗೆ ಭರಮಮ್ಮ ಮನೆಯಲ್ಲುಳಿದು, ನೆರಳಲ್ಲಿ ಕೂತು, ಹೊತ್ತುಹೊತ್ತಿಗೆ ಉಂಡು, ಗಾದಿಲಿಂಗಪ್ಪನನ್ನು ಹೆತ್ತಳು.

"ನಾ ಸಣ್ಣಾಕಿ, ಪಕ್ಕದಾಗ ಇದ್ದೆ," ಅಂದಳು ಹಂಪಕ್ಕ. "ಮೈ ತುಂಬೋಕಿಂತ ಮೊದ್ಲು ಕೈಯಾಗಿನ ಬಳಿ ತಗದು ನನ್ನ ಉಡ್ಯಾಗ ಹಾಕಿದ್ಲು. ಒಡೀಬಾರ್ದು ಅಂತ."

ಮಾಲಾಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಒಬ್ಬ ಹೆಣ್ಣು ತನ್ನ ಕೂಸಿಗಾಗಿ ಕದ್ದುಕೊಂಡ ಒಂದು ತಿಂಗಳ ನೆರಳು, ಇಲ್ಲಿ ಇನ್ನೊಬ್ಬಳ ಕೊರಳಿಗೆ ಹಗ್ಗವಾಗಿ ಕೂತಿದೆ. ಹುಲುಗಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಅವಳ ಕೈಯಲ್ಲಿದ್ದ ಹಿಟ್ಟು ಪಂಚೆಯ ಮೇಲೆ ಒಂದೇ ಕಡೆ ಸುರಿಯುತ್ತಿತ್ತು.

"ನನ್ನ ಹಡದವ್ವ ಅರಸೀಕೆರ್ಯಾಗ ಸತ್ತಾಗ ಕಟ್ಟಿ ಕಂಡಿತ್ತು," ಅಂದಳು ಹುಲುಗಮ್ಮ. "ಮುಖ ನೋಡಿ ಬರ್ತೀನಿ ಅಂತ ಅತ್ತಿ ಕಾಲು ಹಿಡಕೊಂಡೆ. ಬಿಡ್ಲಿಲ್ಲ. ಈ ಮಾಳಿಗಿಮ್ಯಾಲೇ ನಿಂತು ದಾರಿ ನೋಡಿದೆ. ಆಕೀಗೆ ಗೊತ್ತಿತ್ತಲ್ಲಕ್ಕ. ಗೊತ್ತಿದ್ದೂ ಬಿಡ್ಲಿಲ್ಲ."

"ಅವತ್ತು ಆಕೀನೂ ಹಿತ್ತಲದಾಗ ಕುಂತು ಅತ್ಲವ್ವ," ಅಂದಳು ಹಂಪಕ್ಕ. "ಸುಳ್ಳು ಅಂತ ಹ್ಯಾಂಗ ಹೇಳ್ತಾಳ? ಅಷ್ಟೊತ್ತಿಗೆ ಅದು ಊರ ಮಾತಾಗಿತ್ತು, ಆಕೀ ಕೈ ಬಿಟ್ಟು ಹೋಗಿತ್ತು."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಅತ್ತೆಗೂ ಬರಲಿಲ್ಲ, ಸೊಸೆಗೂ ಬರಲಿಲ್ಲ, ಕಾಲವೆಲ್ಲ ಕಟ್ಟೆಗೇ ಬಂತು.

ಸಮಾರೋಪಕ್ಕೆ ಇನ್ನೂ ಎರಡು ದಿನವಿತ್ತು. ಮಾಲಾ ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದುಕೊಂಡಳು. ಇದನ್ನು ಮಾವನಿಗೆ ಹೇಳಿ, ನಾಳೆಯಾದರೂ ನನ್ನನ್ನು ಕಳಿಸಿ ಎಂದು ಬೇಡಿಕೊಂಡಳು. ಹುಲುಗಮ್ಮ ಕೈ ಬಿಡಿಸಿಕೊಂಡಳು.

"ಏನಂತ ಹೇಳ್ಲಿ? ನಿಮ್ಮವ್ವ ಸುಳ್ಳಿ, ನೀ ಆ ಸುಳ್ಳಿನ ಮಗ ಅಂತ ಹೇಳ್ಲಾ? ಆ ಮನುಷ್ಯ ಉಳೀತಾನೇನು? ಅಂಜಿನಿ ನಂಬ್ತಾಳೇನು? ಹಂಪಕ್ಕಗ ಅರಳುಮರಳು ಅಂತಾರ, ಅಷ್ಟ."

ಮಾಲಾ ಅವತ್ತು ಮೊದಲ ಸಲ ಅತ್ತೆಯ ಮುಖಕ್ಕೆ ನೀವೂ ನಿಮ್ಮ ಅತ್ತೆಯ ಹಾಗೇ ಎಂದುಬಿಟ್ಟಳು. ಆಮೇಲಿನ ದಿನಗಳಲ್ಲಿ ಇಬ್ಬರ ನಡುವೆ ಉಪ್ಪು ಕೊಡು, ಎಮ್ಮೆ ಕಟ್ಟು ಎಂಬಷ್ಟೇ ಮಾತು. ಸಮಾರೋಪ ಮುಗಿಯಿತು. ಗೀತಾಂಜಲಿಗೆ ಕೆಲಸ ಆಯಿತೆಂದು ತಿಪ್ಪೇಶನೇ ಸಂಜೆ ಸುದ್ದಿ ತಂದ, ಜೊತೆಗೆ ಅರ್ಧ ಕೇಜಿ ಖಾರಾ ತಿಂಡಿ. ಮಾಲಾ ಆ ಪೊಟ್ಟಣ ಬಿಚ್ಚಲಿಲ್ಲ. ಕೈಗೊಂಬೆಗಳನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟಳು. ಒಂದನ್ನು ಮೌನೇಶ ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ, ಇನ್ನು ಬೇಕಿಲ್ಲ ಎನ್ನುವಾಗ, ನೀರು ಸರಸರನೆ ಇಳಿಯಿತು. ಒಂದು ಬೆಳಿಗ್ಗೆ ಗಾದಿಲಿಂಗಪ್ಪ ಓಡಿಬಂದ, ಮೊಣಕಾಲ ತನಕ ಕೆಸರು. ಒರಳು ಕಂಡಿತ್ತು.

ಮಾರನೆಯ ದಿನ ಊರೆಲ್ಲ ಕೆಳಗಿಳಿಯಿತು. ಒಡೆದ ಮಣ್ಣಿನ ಮೇಲೆ ಶಾಮಿಯಾನ, ಮೈಕು, ಮಿರ್ಚಿ ಅಂಗಡಿ. ಕಬಡ್ಡಿ ಅಂಕಣಕ್ಕೆ ಸುಣ್ಣ ಎಳೆದಿದ್ದರು. ಹಳೇ ಮನೆಯ ಜಾಗದಲ್ಲಿ ಮೂರು ಕಲ್ಲು, ಅದರ ಮೇಲೆ ಹುಗ್ಗಿಯ ದೊಡ್ಡ ಪಾತ್ರೆ. ಪಕ್ಕದಲ್ಲಿ ತೊಳೆದು ಕುಂಕುಮ ಹಚ್ಚಿದ ಒರಳು, ಅಂಗೈಯಗಲದ ಬಾಯಿ, ಅದರೊಳಗೆ ಇನ್ನೂ ಹಿಡಿ ನೀರು. ಇಷ್ಟು ಸಣ್ಣ ಕಲ್ಲೇ, ಎನ್ನಿಸಿತು ಮಾಲಾಗೆ. ಜರಿಸೀರೆ ಉಟ್ಟು ಬಗ್ಗಿ ಒಲೆಗೆ ಬೆಂಕಿ ಹಚ್ಚಿ, ಅವಳು ಊದುತ್ತಿದ್ದಾಗ ಹುಲುಗಮ್ಮ ಪಕ್ಕಕ್ಕೆ ಬಂದಳು. ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿ, ಮಡಚಿ, ಮಾಲಾಳ ಕೈಯೊಳಗೆ ಇಟ್ಟು, ಬೆರಳು ಮುಚ್ಚಿದಳು.

ಮಾಲಾ ತಲೆ ಎತ್ತುವಷ್ಟರಲ್ಲಿ ಹುಲುಗಮ್ಮ ನಡುಗುತ್ತಿದ್ದಳು. ತುರುಬು ಬಿಚ್ಚಿತ್ತು. ಜೀವಮಾನದಲ್ಲಿ ಒಮ್ಮೆಯೂ ಮೈಮೇಲೆ ದೇವರು ಬರದ ಹೆಂಗಸು ಊರೇ ಬೆಚ್ಚುವಂತೆ ಕೂಗಿದಳು. ಮೈಕಿನ ಹಾಡು ನಿಂತಿತು. ಯಾರೋ ಅರಿಸಿನದ ನೀರು ಸುರಿದರು. ಗಾದಿಲಿಂಗಪ್ಪ ಹೆಂಡತಿಯ ಮುಂದೆ ಮಣ್ಣಿನಲ್ಲಿ ಅಡ್ಡಬಿದ್ದು, ಏನು ತಪ್ಪಾಯಿತು ತಾಯಿ ಎಂದ.

"ಕಟ್ಟು ತಪ್ಪೇತಿ," ಅಂದಳು ಹುಲುಗಮ್ಮ. "ಸೊಸಿ ಕಾಲಿನ ಹಗ್ಗ ಬಿಚ್ಚೀನಿ. ಇನ್ನ ಮ್ಯಾಲೆ ಕಟ್ಟಿ ಕಾಯಾಕಿ ಅತ್ತಿ. ಸೊಸಿ ಎಲ್ಲಿ ಬೇಕಾದ್ರೂ ಹೋಗ್ಲಿ, ಬರ್ಲಿ. ಒಲಿ ಹೊತ್ತಿಸೋ ದಿನ ಬಂದ್ರ ಸಾಕು."

ಅಂಜಿನಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದಳು. ನೀರಿನ ಮೇಲಿರುವವರ ಗತಿಯೇನು ತಾಯಿ ಎಂದು ಕೇಳಿದಳು. ಅವರ ಕಾವಲು ನನ್ನದು ಎಂಬ ಉತ್ತರ ಬಂತು. ಊರು ಒಂದೇ ಉಸಿರಿಗೆ ಕೈಮುಗಿಯಿತು. ಕಾರ್ಯದರ್ಶಿ ತಿಪ್ಪೇಶ ಎಲ್ಲರಿಗಿಂತ ಮೊದಲು ಹೂಂ ಎಂದ, ದೇವರು ಒಪ್ಪಿದ ಮೇಲೆ ಕಮಿಟಿಯದೇನಿದೆ? ಹಂಪಕ್ಕ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಯಾರಿಗೂ ತಿಳಿಯಲಿಲ್ಲ. ಮಾಲಾ ಕನ್ನಡಕವನ್ನು ಎದೆಗೊತ್ತಿ ಹಿಡಿದುಕೊಂಡು ಒಲೆಯ ಹೊಗೆಗೆ ಕಣ್ಣು ಒಡ್ಡಿ ನಿಂತಳು. ಅವಳಿಗೆ ಬೇಕಾದ್ದಕ್ಕಿಂತ ಹೆಚ್ಚು ಕಣ್ಣೀರು ಬಂತು.

ಹೊತ್ತಿಳಿದ ಮೇಲೆ ಅತ್ತೆ ಸೊಸೆ ಇಬ್ಬರೂ ಖಾಲಿ ಪಾತ್ರೆ ಹೊತ್ತು ಏರು ಹತ್ತುತ್ತಿದ್ದರು. ಮುಂದೆ ಮೌನೇಶ ಕೈಗೊಂಬೆ ಕುಣಿಸುತ್ತ ಓಡುತ್ತಿದ್ದ. ಕನ್ನಡಕವಿಲ್ಲದ ಹುಲುಗಮ್ಮ ಕಲ್ಲು ಮುಳ್ಳು ತಡವರಿಸಿ ನಡೆಯುತ್ತಿದ್ದಳು. ಮಾಲಾ ಅವಳ ರೆಟ್ಟೆ ಹಿಡಿದಳು. ವಾರಗಳಾದ ಮೇಲೆ ಇಬ್ಬರೂ ಹೀಗೆ ಒಟ್ಟಿಗೆ ನಡೆದದ್ದು ಅದೇ ಮೊದಲು. ಕೆಲಸ ಹೋದ ಸಂಕಟ ಎದೆಯಲ್ಲಿ ಇದ್ದಂತೆಯೇ ಇತ್ತು, ಅದಕ್ಕೆ ಊರಮ್ಮನ ಹತ್ತಿರವೂ ಮದ್ದಿರಲಿಲ್ಲ.

"ಅತ್ತಿ," ಅಂದಳು. "ಯಾರಿಗೂ ಕಟ್ಟು ಬ್ಯಾಡ ಅಂತ ಹೇಳಿಬಿಡಬಹುದಿತ್ತಲ್ರಿ. ಈಗ ನೀವು ಸಿಕ್ಕಿಬಿದ್ರಿ."

ಹುಲುಗಮ್ಮ ಮುಂದೆ ಓಡುವ ಮೊಮ್ಮಗನ ಕಡೆ ಮಂಜುಗಣ್ಣಿನಲ್ಲೇ ನೋಡಿದಳು.

"ಒಮ್ಮಿಗೇ ಎಲ್ಲಾ ಬಿಚ್ಚಿದ್ರ ಯಾರು ನಂಬ್ತಾರ?" ಅಂದಳು. "ಒಂದು ಗಂಟು ನಾ ಬಿಚ್ಚೀನಿ. ಇವಗ ಹೆಣ್ತಿ ಬಂದ ಮ್ಯಾಲೆ ನೀನೂ ಅತ್ತಿ ಆಗಾಕಿನ. ಉಳಿದದ್ದು ನಿನ್ನ ಪಾಲಿಗೆ ಇಟ್ಟೀನಿ."

ಏರು ಹತ್ತಿ ರಸ್ತೆ ಸೇರಿ, ಕರಿಗಲ್ಲಿನ ಹತ್ತಿರ ಬಂದಾಗ ಅವಳು ನಿಂತು ಕೈ ಚಾಚಿದಳು. ಮಾಲಾ ಕನ್ನಡಕವನ್ನು ಸೆರಗಿನಿಂದ ಒರೆಸಿ, ಬಿಡಿಸಿ, ತಾನೇ ಅತ್ತೆಯ ಕಿವಿಗೆ ಸಿಕ್ಕಿಸಿದಳು.